ಬೀಗರಿಗೊಂದು ಗಾಳದ ಕೋಲು

ಹಿಂದಿನ ದಿನ ಕುದೂರಿನಲ್ಲಿ ಬಸ್ಸಿನ ಬಾಗಿಲಿಗೆ ಸಿಕ್ಕಿ ಯಾರದೋ ಗಾಳದ ಕೋಲೊಂದು ಲಟಕ್ಕನೆ ಮುರಿಯಿತು. ಅಷ್ಟು ದೂರದ ಆ ಸದ್ದಿಗೂ ಅಕ್ಕೂರಿನ ಚಲುವಯ್ಯನಿಗೂ ಏನು ಸಂಬಂಧ? ಬೆಳಿಗ್ಗೆ ಎದ್ದಾಗ ಕೇಳಿದ್ದರೆ ಅವನೂ ಏನೂ ಇಲ್ಲವೆಂದೇ ಹೇಳುತ್ತಿದ್ದ. ಬೈಗಾಗುವಷ್ಟರಲ್ಲಿ ಆ ಕೋಲು ಅವನನ್ನು ಕೆರೆಯಲ್ಲಿ ಮುಳುಗಿಸಿ ಎತ್ತಿತ್ತು.

ಚಲುವಯ್ಯ ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಿದ್ದಾಗ ಅಂಕಯ್ಯ ಏದುಸಿರು ಬಿಡುತ್ತ ಬಂದ. ಅಂಕಯ್ಯ ಹುಟ್ಟಾ ದನದ ದಲ್ಲಾಳಿ. ಎತ್ತು ಕೊಳ್ಳುವವರು ಕಡಿಮೆಯಾದ ಮೇಲೆ ಗಂಡು ಹೆಣ್ಣು ಕೂಡಿಸುವ ಕೆಲಸವನ್ನೂ ಹಚ್ಚಿಕೊಂಡಿದ್ದ. ಎರಡು ಕಸುಬಿಗೂ ಅವನಿಗೆ ಒಂದೇ ಟವೆಲು, ಒಂದೇ ನಾಲಿಗೆ.

"ಲೇ ಚಲುವ, ಕೆಟ್ಟೆ ಕಣ್ಲಾ!"

ಚಲುವಯ್ಯನ ಕೈಯಿಂದ ಸೊಪ್ಪು ಜಾರಿತು. "ಯಾಕ್ಲಾ, ಗಂಡಿನ ಕಡೆಯೋರು ಬರಕಿಲ್ವಂತಾ?"

"ಬತ್ತಾವ್ರೆ. ಮಧ್ಯಾಹ್ನಕ್ಕೇ ಬತ್ತಾವ್ರೆ. ಆದ್ರೆ ನೆನ್ನೆ ಹನುಮಂತಯ್ಯೋರ ಗಾಳದ ಕೋಲು ಬಸ್ಸಿನ ಬಾಗಲಿಗೆ ಸಿಕ್ಕಿ ಮುರುದೋಯ್ತಂತೆ. 'ಅಕ್ಕೂರ ಕೆರೆ ಭಾಳ ಚೆಂದಾಗೈತಂತೆ, ಕೋಲಿಲ್ದೆ ಬಂದು ಏನ್ ಮಾಡ್ಲಿ' ಅಂತ ಫೋನಲ್ಲೇ ಅಳೋದೊಂದು ಬಾಕಿ."

"ಹೆಣ್ಣು ನೋಡಕ್ಕೆ ಬರೋರಿಗೆ ಗಾಳ ಯಾಕ್ಲಾ?"

ಅದಕ್ಕೂ ಕಾರಣವಿತ್ತು. ಹುಡುಗನ ತಂದೆ, ಕುದೂರಿನ ಹನುಮಂತಯ್ಯ, ಲೈನ್‌ಮ್ಯಾನ್ ಆಗಿ ರಿಟೈರಾದವರು. ಕಂಬ ಹತ್ತುವುದು ನಿಂತ ಮೇಲೆ ಮೊಬೈಲು ಹಿಡಿದು ಕೂತರು. ಅದರೊಳಗೆ ಯಾರೋ ಪರದೇಶದವರು ಬಾಸ್ ಎಂಬ ಮೀನು ಹಿಡಿಯುವುದನ್ನು ಕಂಡರು. ಅಲ್ಲಿಂದ ಅವರಿಗೆ ಹಗಲಿಲ್ಲ ರಾತ್ರಿಯಿಲ್ಲ, ಅದೇ ಧ್ಯಾನ. ಬಾಸ್ ನಮ್ಮ ಕೆರೆಗಳಲ್ಲಿ ಇಲ್ಲದಿದ್ದರೇನಂತೆ, ನಮ್ಮ ಕೊರಮೀನೂ ಅಂಥದೇ ಮುಂಗೋಪಿ. ಮರದ ಮೀನೊಂದನ್ನು ಅದರ ಮುಂದೆ ಎಳೆದಾಡಿದರೆ ಹಸಿವಿಲ್ಲದಿದ್ದರೂ ಸಿಟ್ಟಿಗೇ ಕಚ್ಚುತ್ತದೆ.

"ಬಿದಿರು ಕೋಲು ಒಂದು ಕಡಿದ್ರಾಯ್ತು ಬುಡು," ಎಂದ ಚಲುವಯ್ಯ.

"ಬಿದಿರು ಆಗಕಿಲ್ವಂತೆ. ಮೀಡಿಯಂ ಲೈಟ್ ಕಾಸ್ಟಿಂಗ್ ರಾಡು, ಚಿಕ್ಕ ಚಿಕ್ಕ ಬೊಂಬೆ ಮೀನು ಎಸಿಯೋವಂಥದ್ದು. ಮೂರ್ ಸಲ ಹೇಳ್ಸಿ ಬಾಯಿಪಾಠ ಮಾಡ್ಕೊಂಡಿವ್ನಿ. ಇನ್ನೊಂದ್ ಗುಟ್ಟು ಕೇಳು. ಕೇಸರಿಬಾತು ತಿಂದೋರು ಹಿಂದಕ್ಕೆ ಸರೀಬೋದು. ಅವರು ಹಿಡಿದ ಮೀನು ನಿನ್ ಮನೆ ಮಡಕೇಲಿ ಬೆಂದು, ಒಟ್ಟಿಗೆ ಕೂತು ಮುದ್ದೆ ಮುರುದ್ರು ಅಂದ್ರೆ ಮುಗೀತು. ಒಂದೇ ಮಡಕೆ ಮೀನ್ ಸಾರು ಉಂಡೋರು ಎಲ್ಲಿಗ್ಲಾ ಹೋದಾರು?"

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಂಡತಿ ಚಿಕ್ಕಲಕ್ಷ್ಮಮ್ಮ ಕೈಯಲ್ಲಿದ್ದ ಪೊರಕೆಯನ್ನು ನೆಲಕ್ಕೆ ಕುಟ್ಟಿದಳು. "ಮೊದ್ಲು ಹೋಗಿ ತಕ್ಕೊಂಬನ್ನಿ! ಈ ಸಂಬಂಧವೂ ತಪ್ಪೋದ್ರೆ ನಾನ್ ಮಾತ್ರ ಈ ಊರಲ್ಲಿ ತಲೆ ಎತ್ತಕಿಲ್ಲ. ನಾನು ಖಾರ ಅರೆದಿಟ್ಟಿರ್ತೀನಿ."

ಅವಳ ಸಂಕಟ ಸುಮ್ಮನೆ ಬಂದದ್ದಲ್ಲ. ಮಗಳು ವರಲಕ್ಷ್ಮಿ ಬಿ.ಕಾಂ. ಓದಿ ಊರಿನ ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದಳು. ಹಾಲಿಗೆ ಒಂದು ಲೋಟ ನೀರು ಬೆರೆತಿದ್ದರೂ ಮೂಸಿ ಹೇಳುವಷ್ಟು ಚುರುಕು. ಆದರೆ ಈ ಹಿಂದೆ ನಾಲ್ಕು ಕಡೆಯವರು ಬಂದು, ಕೇಸರಿಬಾತು ತಿಂದು, ಹುಡುಗಿಯ ಎತ್ತರ ವಿಚಾರಿಸಿ, ಫೋಟೋ ತೆಗೆದುಕೊಂಡು, 'ಫೋನ್ ಮಾಡ್ತೀವಿ' ಎಂದು ಹೋದವರು ಇನ್ನೂ ಫೋನು ಹುಡುಕುತ್ತಲೇ ಇದ್ದಾರೆ. ಪ್ರತಿ ಸಲವೂ ಪಕ್ಕದ ಮನೆಯ ಮಾರಕ್ಕ ಬಂದು, "ಇವರೂ ನೋಡ್ಬುಟ್ಟು ಬುಟ್ಟೋದ್ರಾ?" ಎಂದು ಊರಿಗೆಲ್ಲ ಕೇಳುವಂತೆ ಮರುಗುತ್ತಿದ್ದಳು. ಚಲುವಯ್ಯನಿಗೆ ಆ ಮಾತು ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಈ ಹುಡುಗ ಮಾಗಡಿಯಲ್ಲಿ ಹೈಸ್ಕೂಲು ಮೇಷ್ಟ್ರು, ಒಬ್ಬನೇ ಮಗ. ಕೋಲಲ್ಲ, ಕೆರೆಯನ್ನೇ ಹೊತ್ತು ತಾ ಎಂದಿದ್ದರೂ ಚಲುವಯ್ಯ ತಲೆಗೆ ಸಿಂಬಿ ಸುತ್ತಿಕೊಳ್ಳುತ್ತಿದ್ದ.

ಇಬ್ಬರೂ ಚನ್ನಪಟ್ಟಣದ ಬಸ್ಸು ಹತ್ತಿದರು.

ಅಲ್ಲಿ ಗಾಳದ ಕೋಲು ಸಿಗುತ್ತಿದ್ದುದು ಸಮದ್‌ನ ಬೊಂಬೆ ಅಂಗಡಿಯಲ್ಲಿ. ಮುಂದೆ ಮರದ ಕುದುರೆ, ಬುಗುರಿ, ಮಕ್ಕಳ ಗಾಡಿ. ಹಿಂದಿನ ಮೂಲೆಯಲ್ಲಿ ಗಾಳದ ಕೋಲುಗಳ ಕಂತೆ. ಬೊಂಬೆ ಅವನ ಹೊಟ್ಟೆಪಾಡು, ಗಾಳ ಅವನ ಹುಚ್ಚು. ಬೊಂಬೆ ಕೇಳಿದವರಿಗೆ ಬೆಲೆ ಹೇಳಿ ಸುಮ್ಮನಾಗುವವನು ಗಾಳ ಕೇಳಿದವರಿಗೆ ಕುರ್ಚಿ ಹಾಕಿ ಟೀ ತರಿಸುತ್ತಿದ್ದ.

"ಮೀಡಿಯಂ ಲೈಟ್ ಕಾಸ್ಟಿಂಗ್ ರಾಡು," ಎಂದು ಅಂಕಯ್ಯ ಒಂದೇ ಉಸಿರಿಗೆ ಒಪ್ಪಿಸಿದ.

ಸಮದ್‌ನ ಮುಖ ಅರಳಿತು. "ಎಷ್ಟು ಗ್ರಾಮಿಂದು ಎಸೀತೀರಾ ಅಣ್ಣಾ?"

"ಮೀನು ಇನ್ನೂ ಕೆರೇಲೈತೆ. ಈಗ್ಲೇ ತೂಕ ಹೆಂಗೆ ಹೇಳಾನ?" ಎಂದ ಚಲುವಯ್ಯ.

"ಮೀನಿಂದಲ್ಲ ಅಣ್ಣಾ, ಬೊಂಬೇದು." ಸಮದ್ ಡಬ್ಬಿಯೊಂದರಿಂದ ಹೆಬ್ಬೆರಳುದ್ದದ ಮರದ ಮೀನನ್ನು ತೆಗೆದು ಅಂಗೈಮೇಲಿಟ್ಟ. ಅವನೇ ಕಡೆದು, ಅರಗಿನ ಬಣ್ಣ ಕೊಟ್ಟು, ಹೊಟ್ಟೆಯ ಕೆಳಗೆ ಗಾಳದ ಮುಳ್ಳು ಕಟ್ಟಿದ್ದ. ಹಗುರವೆಂದರೆ ಹಗುರ, ಊದಿದರೆ ಹಾರುವಂತಿತ್ತು.

ಚಲುವಯ್ಯ ಕಂತೆಯಲ್ಲಿದ್ದ ಅತಿ ದಪ್ಪನೆಯ ಕೋಲನ್ನು ಎಳೆದ. "ಇದು ಗಟ್ಟಿಯಾಗೈತೆ. ಬೀಗರಾಗೋರಿಗೆ ಕೊಡೋದು, ಗಟ್ಟಿ ಮಾಲೇ ಕೊಡಾನ."

"ಅರೆ, ಅದು ಸಮುದ್ರದ ಮೀನಿಗೆ! ಅದರಲ್ಲಿ ಈ ಬೊಂಬೆ ಎಸೆದ್ರೆ ನಿಮ್ಮ ಕಾಲ ಹತ್ರಾನೇ ಬೀಳ್ತದೆ."

ಚಲುವಯ್ಯ ಬೆಚ್ಚಿ ಅದನ್ನು ಬಿಟ್ಟು ಅತಿ ತೆಳುವಾದದ್ದನ್ನು ಹಿಡಿದ. ಸಮದ್ ಅದಕ್ಕೂ ತಲೆಯಾಡಿಸಿದ. "ಅದು ಪೂರ್ತಿ ಬಗ್ತದೆ. ಕೊರಮೀನಿನ ದವಡೆ ಕಲ್ಲಿನಂಗೆ. ಮುಳ್ಳು ನಾಟೋದೇ ಇಲ್ಲ. ಮೀನೇ ನಿಮ್ಮನ್ನ ಮನೆಗೆ ಕರ್ಕೊಂಡೋಗ್ತದೆ."

ಮೂರನೆಯದು ನೋಡಲು ಸರಿಯಾಗಿತ್ತು. ಆದರೆ ಅದು ಸ್ಪಿನ್ನಿಂಗ್ ಅಂತೆ, ದಾರ ಸುತ್ತುವ ರೀಲು ಕೆಳಗೆ ನೇತಾಡುತ್ತದಂತೆ. ಕಾಸ್ಟಿಂಗ್ ಕೋಲಿನಲ್ಲಿ ರೀಲು ಮೇಲೆ ಕೂರಬೇಕು, ಹೆಬ್ಬೆರಳು ಅದರ ಮೇಲಿರಬೇಕು, ತೋರುಬೆರಳಿಗೆ ಕೆಳಗೊಂದು ಕೊಕ್ಕೆ ಇರಬೇಕು. ಚಲುವಯ್ಯನಿಗೆ ಗೊತ್ತಿದ್ದ ರೀಲು ರಾಮನಗರದಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವುದೊಂದೇ. ಅವನಿಗೆ ತಲೆ ಸುತ್ತತೊಡಗಿತು.

ಕೊನೆಗೆ ಸಮದ್ ಕಂತೆಯ ನಡುವಿನಿಂದ ಒಂದು ಕೋಲನ್ನು ಎಳೆದು, ಅದರ ತುದಿಯನ್ನು ಮೆಲ್ಲಗೆ ನೆಲಕ್ಕೆ ಒತ್ತಿದ. ತುದಿ ಜೋಳದ ಗರಿಯ ಹಾಗೆ ಬಾಗಿತು. ಹಿಡಿಯ ಕಡೆ ಅಲ್ಲಾಡಲಿಲ್ಲ.

"ನೋಡಿ ಅಣ್ಣಾ, ಮೀಡಿಯಂ ಲೈಟ್ ಅಂದ್ರೆ ಇಷ್ಟೇ. ತುದಿ ಬಳುಕಬೇಕು, ಬುಡ ಬಗ್ಗಬಾರದು. ತುದಿ ಬಳುಕಿದ್ರೆ ಚಿಕ್ಕ ಬೊಂಬೆ ದೂರ ಹೋಗ್ತದೆ. ಬುಡ ಗಟ್ಟಿ ಇದ್ರೆ ಜೋರು ಬಂದಾಗ ನಿಲ್ತದೆ."

ಚಲುವಯ್ಯನಿಗೆ ಜೀವ ಬಂದಂತಾಯಿತು. ಆದರೆ ಅಂಕಯ್ಯನಿಗೆ ಇದು ಸಾಲಲಿಲ್ಲ. ಹೋರಿಗರು ನೋಡುವವನಂತೆ ಕೋಲಿನ ಸುತ್ತ ಒಂದು ಸುತ್ತು ಬಂದ, ಬೆನ್ನು ಸವರಿದ, ಗಂಟು ಗಂಟಿನಲ್ಲೂ ಸುಳಿ ಹುಡುಕಿದ. "ಕೆಟ್ಟ ಸುಳಿ ಇಲ್ಲ," ಎಂದು ತೀರ್ಪು ಕೊಟ್ಟು, ದನದ ಸಂತೆಯಲ್ಲಿ ಮಾಡುವ ಹಾಗೆ ಹೆಗಲ ಟವೆಲನ್ನು ಸಮದ್‌ನ ಕೈಮೇಲೆ ಹೊದಿಸಿ, ಒಳಗೆ ಅವನ ಬೆರಳುಗಳನ್ನು ಒಂದೊಂದಾಗಿ ಅದುಮತೊಡಗಿದ.

ಸಮದ್ ಬೆಚ್ಚಿಬಿದ್ದ. "ಏನಣ್ಣಾ ಇದು, ರೋಡಲ್ಲಿ ಜನ ನೋಡ್ತಾವ್ರೆ, ಕೈ ಬಿಡಿ!"

"ರೇಟು ಕಣೋ ಸಾಬಣ್ಣ! ಗುಟ್ಟಾಗಿ ಮಾತಾಡ್ತಿವ್ನಿ."

"ರೇಟು ಕೋಲಿನ ಮೇಲೇ ಅಂಟಿಸಿದೀನಲ್ಲ ಅಣ್ಣಾ!"

ಅಂಕಯ್ಯ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಇಂಥ ಮರ್ಯಾದೆಗೆಟ್ಟ ವ್ಯಾಪಾರವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಆ ಸಿಟ್ಟಿಗೇ, "ಎಸೆದು ನೋಡ್ದೆ ತಕ್ಕೊಳಂಗಿಲ್ಲ. ಉತ್ತು ನೋಡ್ದೆ ಎತ್ತು ಕೊಂಡೋರುಂಟಾ?" ಎಂದು ಹಟ ಹಿಡಿದ. ಸಮದ್ ರೀಲು ಕೂರಿಸಿ, ಮರದ ಮೀನು ಕಟ್ಟಿ, ಬೆರಳು ಎಲ್ಲಿಡಬೇಕೆಂದು ಚಲುವಯ್ಯನಿಗೆ ತೋರಿಸಿಕೊಟ್ಟ. ಚಲುವಯ್ಯ ಕುಲದೇವರನ್ನು ನೆನೆದು ಬೀಸಿದ. ಹೆಬ್ಬೆರಳು ಎತ್ತಬೇಕಾದಾಗ ಎತ್ತಿದ, ಒತ್ತಬೇಕಾದಾಗ ಮರೆತ. ಮರದ ಮೀನು ರಸ್ತೆ ದಾಟಿ, ಎದುರಿನ ತಳ್ಳುಗಾಡಿಯ ಮೇಲೆ ಹಾರಿ, ತಟ್ಟೆಯಲ್ಲಿ ರಾಶಿ ಹಾಕಿದ್ದ ಆಲೂಬೋಂಡದೊಳಗೆ ನಾಟಿತು. ಗಾಬರಿಯಲ್ಲಿ ಚಲುವಯ್ಯ ಎಳೆದ. ಬೋಂಡ ಗಾಳಿಯಲ್ಲಿ ತೇಲಿ ಬಂದು ಅವನ ಎದೆಗೆ ಬಡಿಯಿತು.

ಗಾಡಿಯವನು ಜಾಲರಿ ಸೌಟು ಹಿಡಿದು ಕಲ್ಲಾಗಿ ನಿಂತ. ನಡುಹಗಲಲ್ಲಿ ತನ್ನ ಬೋಂಡ ತಾನಾಗಿ ಹಾರಿಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಕ್ಷಣ ಬಿಟ್ಟು ಅವನಿಗೆ ದಾರ ಕಂಡಿತು. ಆಮೇಲೆ ಅವನು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅಂಕಯ್ಯ ಮಾತ್ರ ಮುಳ್ಳಿನಿಂದ ಬೋಂಡ ಬಿಡಿಸಿ ಬಾಯಿಗೆ ಹಾಕಿಕೊಂಡು, "ಕೋಲು ಪಾಸು," ಎಂದ.

ಊರು ಮುಟ್ಟುವವರೆಗೂ ಚಲುವಯ್ಯ ಬಸ್ಸಿನಲ್ಲಿ ಕೋಲನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದ. ಪಕ್ಕದವರು ಕೇಳಿದರೂ ಕೇಳದಿದ್ದರೂ "ತುದಿ ಬಳುಕಬೇಕು, ಬುಡ ಬಗ್ಗಬಾರದು" ಎಂದು ವಿವರಿಸಿದ. ಕಂಡಕ್ಟರಿಗೆ ಹೇಳಿದ, ಮಾರಕ್ಕನಿಗೆ ಹೇಳಿದ, ಒರಳ ಮುಂದೆ ಕೂತಿದ್ದ ಹೆಂಡತಿಗೆ ಹೇಳಿದ. ಡೇರಿಯಿಂದ ಬಂದ ಮಗಳು ನಗುತ್ತ, "ಅದೇನಪ್ಪ ಮಂತ್ರ ಅದು?" ಎಂದಳು.

ಚಲುವಯ್ಯ ತುದಿಯನ್ನು ನೆಲಕ್ಕೆ ಒತ್ತಿ ತೋರಿಸಿದ. "ನೋಡವ್ವ, ಹಿಂಗಿರ್ಬೇಕು. ಕೋಲೊಂದೇ ಅಲ್ಲ ಕಣವ್ವ, ಏನೇ ಆರಿಸ್ಕೊಂಡ್ರೂ ಹಿಂಗೇ ನೋಡಿ ಆರಿಸ್ಕೋಬೇಕು."

"ಆಯ್ತು ಕಣಪ್ಪ," ಎಂದು ವರಲಕ್ಷ್ಮಿ ಸೀರೆ ಉಡಲು ಒಳಗೆ ಹೋದಳು.

ಮಧ್ಯಾಹ್ನ ವ್ಯಾನು ಬಂತು. ಹನುಮಂತಯ್ಯ, ಅವರ ಹೆಂಡತಿ, ಮಗ ಮೂವರೂ ಇಳಿದರು. ಹುಡುಗಿ ಕಾಫಿ ತಂದಳು. ಹನುಮಂತಯ್ಯ ಕಾಫಿ ತೆಗೆದುಕೊಂಡು, "ಚೆಂದಾಗಿದ್ದೀಯ ಕಣವ್ವ," ಎಂದು ಒಂದು ಮಾತಾಡಿ, ಚಲುವಯ್ಯನ ಕಡೆ ತಿರುಗಿ, "ಕೋಲೆಲ್ಲೈತೆ?" ಎಂದರು. ಅವರ ಹೆಂಡತಿ ಹುಡುಗಿಯ ಎತ್ತರ ವಿಚಾರಿಸಿ, ಹುಡುಗ ಹುಡುಗಿಯನ್ನು ಜೊತೆಗೆ ನಿಲ್ಲಿಸಿ ಒಂದು ಫೋಟೋ ತೆಗೆದರು. "ಇಬ್ರೂ ಒಸಿ ಮಾತಾಡ್ಕೊಳ್ಳಿ," ಎಂದು ಅವರನ್ನು ಜಗುಲಿಯ ಮೇಲೆ ಬಿಟ್ಟು ಉಳಿದವರೆಲ್ಲ ಕೆರೆಯ ಕಡೆ ಹೊರಟರು. ಹಿಂದೆ ಮಾರಕ್ಕ, ಅವಳ ಹಿಂದೆ ಅರ್ಧ ಊರು. ಚಿಕ್ಕಲಕ್ಷ್ಮಮ್ಮ ಮೀನು ತೊಳೆಯಲು ಬೇಸಿನ್ನನ್ನೇ ಸೊಂಟಕ್ಕಿಟ್ಟುಕೊಂಡು ಬಂದಿದ್ದಳು.

ಏರಿಯ ಮೇಲೆ ನಿಂತು ಹನುಮಂತಯ್ಯ ಕೋಲನ್ನು ಬಗ್ಗಿಸಿ ನೋಡಿದರು. ಅವರ ಕಣ್ಣು ಒದ್ದೆಯಾಯಿತು. "ಯಾರು ಆರಿಸಿದ್ದು ಇದನ್ನ? ಅಳತೆ ಕೊಟ್ಟು ಮಾಡ್ಸಿದಂಗೈತೆ!"

"ನಾನೇ ಆರಿಸ್ದೆ," ಎಂದ ಚಲುವಯ್ಯ. ಅಂಕಯ್ಯ ಕೆಮ್ಮಿದ.

ಮೊದಲನೆಯ ಎಸೆತಕ್ಕೆ ಏನೂ ಬೀಳಲಿಲ್ಲ. ಎರಡನೆಯದಕ್ಕೆ ಜೊಂಡಿನ ಅಂಚಿನಲ್ಲಿ ನೀರು ಸಿಡಿಯಿತು. ಕೋಲಿನ ತುದಿ ಬಾಗಿ ನೀರನ್ನು ಮುಟ್ಟಿತು, ಬುಡ ನಿಂತಿತು. ಒದ್ದಾಡಿ ಒದ್ದಾಡಿ ಮೊಣಕೈಯುದ್ದದ ಕೊರಮೀನು ದಡಕ್ಕೆ ಬಂತು. ಊರವರು ಹೋ ಎಂದು ಕೂಗಿದರು. ಚಿಕ್ಕಲಕ್ಷ್ಮಮ್ಮ ಬೇಸಿನ್ನು ಹಿಡಿದು ಮುಂದೆ ಬಂದಳು.

ಹನುಮಂತಯ್ಯ ಮೊದಲು ಎರಡೂ ಕೈ ನೀರಿನಲ್ಲಿ ಅದ್ದಿದರು. "ಕೈ ಒದ್ದೆ ಮಾಡ್ಕೊಂಡೇ ಹಿಡೀಬೇಕು, ಪಾಪ, ಅದಕ್ಕೆ ನೋವಾಗ್ಬಾರ್ದು," ಎಂದರು. ಮೀನನ್ನು ಹಿಡಿದು ನೋಡಿದರು. ಜೇಬಿನಿಂದ ಟೇಪು ತೆಗೆದು ಉದ್ದ ಅಳೆದರು. ಕೊಕ್ಕೆಯ ತಕ್ಕಡಿಗೆ ಚೀಲ ಕಟ್ಟಿ ತೂಗಿದರು. ಹೆಂಡತಿಯ ಕೈಲಿ ಫೋಟೋ ತೆಗೆಸಿದರು. ಆಮೇಲೆ ಮೀನಿನ ಹಣೆಗೆ ಲೊಚಕ್ಕನೆ ಒಂದು ಮುತ್ತು ಕೊಟ್ಟು, ಬಗ್ಗಿ, ಅದನ್ನು ನೀರಿಗೆ ಬಿಟ್ಟುಬಿಟ್ಟರು.

ಚಿಕ್ಕಲಕ್ಷ್ಮಮ್ಮನ ಕೈಯಿಂದ ಬೇಸಿನ್ನು ಬಿದ್ದು ಉರುಳಿಕೊಂಡು ಹೋಯಿತು. ಅಕ್ಕೂರು ಹುಟ್ಟಿದಾಗಿನಿಂದ ಕೈಗೆ ಬಂದ ಕೊರಮೀನನ್ನು ಕೆರೆಗೆ ವಾಪಸು ಕೊಟ್ಟವರನ್ನು ಯಾರೂ ಕಂಡಿರಲಿಲ್ಲ.

ಕೊನೆಗೆ ಮಾರಕ್ಕನೇ ಬಾಯಿ ಬಿಟ್ಟಳು. "ನೋಡ್ದ, ಅಳೆದ, ತೂಗ್ದ, ಫೋಟೋ ತೆಗೆಸ್ದ, ಬುಟ್ಟ. ಅಯ್ಯೋ ಶಿವನೇ, ನಮ್ಮ ಹುಡುಗೀಗೂ ಇದೇ ಗತಿ ಕಣ್ರವ್ವ!"

ಚಲುವಯ್ಯ ಲೆಕ್ಕ ಹಾಕಿದ. ನೋಡಿದ್ದಾಗಿತ್ತು. ಎತ್ತರ ವಿಚಾರಿಸಿದ್ದಾಗಿತ್ತು. ಫೋಟೋವೂ ಆಗಿತ್ತು. ಉಳಿದಿದ್ದದ್ದು ಬಿಡುವುದೊಂದೇ. ಅವನು ಅಂಕಯ್ಯನ ತೋಳು ಹಿಡಿದುಕೊಂಡ.

"ಮೊದಲ್ನೇದು ಕೆರೆಯಮ್ಮಂಗೆ ಬುಟ್ಟಿರ್ಬೋದು ಕಣ್ಲಾ," ಎಂದ ಅಂಕಯ್ಯ.

ಇನ್ನೊಂದು ಮೀನು ಬಿತ್ತು. ಅಳತೆ, ತೂಕ, ಫೋಟೋ, ಮುತ್ತು. ಅದನ್ನೂ ಬಿಟ್ಟರು. ಜನ ಗುಸುಗುಸು ಶುರುಮಾಡಿದರು. "ಅವರ ಮನೆ ಪದ್ಧತಿನೇ ಇದಂತೆ," ಎಂದೊಬ್ಬ. "ಹಂಗಾದ್ರೆ ಎಷ್ಟು ಊರಲ್ಲಿ ಎಷ್ಟು ಹೆಣ್ಣು ನೋಡಿ ಬುಟ್ಟವ್ರೋ," ಎಂದಳು ಮಾರಕ್ಕ. ಚಲುವಯ್ಯನ ಕಿವಿಯೊಳಗೆ ಜೇನುಹುಳ ಹೊಕ್ಕಂತಾಯಿತು.

ಮತ್ತೊಂದು ಬಂತು. ಅದು ಎಲ್ಲಕ್ಕಿಂತ ದೊಡ್ಡದು. ಹನುಮಂತಯ್ಯ ಕೋಲನ್ನು ಪಕ್ಕದಲ್ಲಿಟ್ಟು, ಅಳೆದು, ತೂಗಿ, ಫೋಟೋ ಮುಗಿಸಿ, ಮುತ್ತು ಕೊಟ್ಟು ಬಗ್ಗಿದರು. ಚಲುವಯ್ಯನಿಗೆ ಆ ಮೀನು ಮೀನಾಗಿ ಕಾಣಲಿಲ್ಲ. "ಬುಡಬ್ಯಾಡಿ! ನನ್ ಮಗಳನ್ನ ಬುಡಬ್ಯಾಡಿ!" ಎಂದು ಕಿರುಚುತ್ತ ಅವನು ಏರಿಯಿಂದ ಹಾರಿದ. ಮೀನಿನ ನಡು ಅವನ ಕೈಗೆ ಸಿಕ್ಕಿತು. ತಲೆಯ ಕಡೆ ಹನುಮಂತಯ್ಯ ಹಿಡಿದಿದ್ದರು.

"ಬುಡ್ರೀ, ಸಾಯ್ತದೆ!"

"ನೀವು ಬುಡ್ತೀರಲ್ಲ, ಅದಕ್ಕೇ ನಾನು ಬುಡಕಿಲ್ಲ!"

ಮೀನು ಇಬ್ಬರ ಮಾತನ್ನೂ ಕೇಳಲಿಲ್ಲ. ಬಾಲದಿಂದ ಚಲುವಯ್ಯನ ಕೆನ್ನೆಗೊಂದು ಬಿಗಿದು ನೀರಿಗೆ ಹಾರಿತು. ಚಲುವಯ್ಯ ಅದರ ಹಿಂದೆಯೇ ಕೆರೆಗೆ ಬಿದ್ದ. ಬೀಳುವಾಗ ಅವನ ಮೊಣಕಾಲಿನ ಕೆಳಗೆ ಏನೋ ಲಟಕ್ಕೆಂದಿತು. ಮುಳುಗಿ ಎದ್ದಾಗ ಅವನ ತಲೆಯ ಮೇಲೆ ಪಾಚಿ, ಕೈಯಲ್ಲಿ ಕೋಲಿನ ಅರ್ಧ.

ಹನುಮಂತಯ್ಯ ದಂಗಾಗಿ ನಿಂತಿದ್ದರು. ಅಂಕಯ್ಯ ಕೈಮುಗಿದು, ಮಡಕೆ ಮೀನಿನ ಗುಟ್ಟಿನಿಂದ ಹಿಡಿದು ಮಾರಕ್ಕನ ಮಾತಿನವರೆಗೆ ಎಲ್ಲವನ್ನೂ ಒದರಿಬಿಟ್ಟ. ಕೇಳುತ್ತ ಕೇಳುತ್ತ ಹನುಮಂತಯ್ಯನವರ ಹೊಟ್ಟೆ ಕುಣಿಯತೊಡಗಿತು. ಕೊನೆಗೆ ನಗು ತಡೆಯಲಾರದೆ ಅವರು ಏರಿಯ ಮೇಲೆ ಕೂತೇಬಿಟ್ಟರು.

"ಅಲ್ಲಾ ಸ್ವಾಮಿ, ಹುಡುಗಿ ಒಪ್ಪಿಗೆ ಆಗಿದ್ದಕ್ಕೇ ಅಲ್ವಾ ನಾನು ನೆಮ್ಮದಿಯಾಗಿ ಗಾಳ ಹಾಕ್ಕೊಂಡು ನಿಂತಿದ್ದು? ಇಲ್ದಿದ್ರೆ ಕಾಫಿ ಕುಡ್ದು ವ್ಯಾನ್ ಹತ್ತುತಿದ್ದೆ. ಮೀನು ಬುಡ್ತೀನಿ, ನಿಜ. ಮನೆಗೆ ಬರೋ ಸೊಸೆನ ಬುಡ್ತೀನಾ? ಏಳಿ ಬೀಗ್ರೇ, ಶೀತ ಆದಾತು!"

ಬೀಗ್ರೇ! ಆ ಒಂದು ಮಾತಿಗೆ ಚಲುವಯ್ಯನಿಗೆ ಕೆರೆಯ ನೀರು ಬೆಚ್ಚಗಾದಂತಾಯಿತು. ಕಣ್ಣಲ್ಲಿ ನೀರು ಬಂತು. ಹೇಗಿದ್ದರೂ ನೆನೆದಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಚಿಕ್ಕಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮಾರಕ್ಕ, "ನಾನು ಮೊದ್ಲೇ ಹೇಳ್ನಿಲ್ವಾ, ಈ ಸಂಬಂಧ ಕೂಡ್ತದೆ ಅಂತ?" ಎಂದಳು.

ಮೆರವಣಿಗೆಯಂತೆ ಎಲ್ಲರೂ ಮನೆಗೆ ಬಂದರು. ಮುಂದೆ ನೀರು ತೊಟ್ಟಿಕ್ಕಿಸುತ್ತ ಚಲುವಯ್ಯ, ಪಕ್ಕದಲ್ಲಿ ಅವನ ಹೆಗಲ ಮೇಲೆ ಕೈಹಾಕಿಕೊಂಡ ಬೀಗರು. ಜಗುಲಿಯ ಮೇಲೆ ವರಲಕ್ಷ್ಮಿ ನೆಮ್ಮದಿಯಾಗಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ಹುಡುಗ ಮಾತ್ರ ಅಂಗಳದಲ್ಲಿ ಮೊಬೈಲು ಹಿಡಿದು ಆಚೆಯಿಂದೀಚೆಗೆ ತಿರುಗುತ್ತಿದ್ದ. ತಂದೆಯನ್ನು ಕಂಡವನೇ ಓಡಿ ಬಂದ.

"ಅಪ್ಪ, ಅವಾಗ್ಲಿಂದ ಫೋನ್ ಮಾಡ್ತಿವ್ನಿ, ಎತ್ತಲೇ ಇಲ್ವಲ್ಲ ನೀವು! ಇವರು ನನ್ನ ಬ್ಯಾಡ ಅಂತವ್ರೆ. ಏನು ಹೇಳ್ಲಿ?"

ಹನುಮಂತಯ್ಯನವರ ಕೈ ಚಲುವಯ್ಯನ ಹೆಗಲಿಂದ ಜಾರಿತು.

"ಏನವ್ವ ಇದು?" ಎಂದ ಚಲುವಯ್ಯ.

ವರಲಕ್ಷ್ಮಿ ಎದ್ದು ನಿಂತಳು. "ಒಳ್ಳೇವ್ರು ಕಣಪ್ಪ, ಕೆಟ್ಟೋರು ಅಂತ ನಾನು ಅನ್ನಲ್ಲ. ಮದುವೆ ಆದ್ಮೇಲೆ ನಾನು ಕೆಲ್ಸಕ್ಕೆ ಹೋಗ್ಬೋದಾ ಅಂದೆ, ಅಪ್ಪನ್ನ ಕೇಳಿ ಹೇಳ್ತೀನಿ ಅಂದ್ರು. ನಿಮಗೆ ಯಾವ ತಿಂಡಿ ಇಷ್ಟ ಅಂದೆ, ಅದಕ್ಕೂ ಅಪ್ಪನ್ನ ಕೇಳ್ಬೇಕು ಅಂದ್ರು. ಆಯ್ತು, ಹಂಗಾದ್ರೆ ಈ ಸಂಬಂಧ ಬ್ಯಾಡ ಬುಡಿ ಅಂದೆ. ಅದನ್ನೂ ಅಪ್ಪನ್ನ ಕೇಳಿ ಹೇಳ್ತೀನಿ ಅಂದ್ರು."

"ಅಷ್ಟಕ್ಕೇ ಬ್ಯಾಡ ಅನ್ನೋದೇನವ್ವ?"

"ನೀನೇ ಹೇಳ್ಕೊಟ್ಟೆಯಲ್ಲಪ್ಪ, ತುದಿ ಬಳುಕಬೇಕು, ಬುಡ ಬಗ್ಗಬಾರದು ಅಂತ. ಇವರು ಬುಡದಿಂದ್ಲೇ ಬಗ್ತಾರೆ. ನೋಡ್ದೆ, ಮಾತಲ್ಲೇ ತೂಗ್ದೆ, ಫೋಟೋನೂ ತೆಗೆಸ್ಕೊಂಡೆ. ಬುಟ್ಟೆ." ಅವಳು ಹುಡುಗನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ನೋವಾಯ್ತಾ?"

ಹುಡುಗ ತಂದೆಯ ಮುಖ ನೋಡಿದ.

ಹನುಮಂತಯ್ಯ ಒಂದು ನಿಟ್ಟುಸಿರು ಬಿಟ್ಟು, "ಕೈ ಒದ್ದೆ ಮಾಡ್ಕೊಂಡೇ ಬುಟ್ಟವ್ಳೆ," ಎಂದು ಮಗನನ್ನು ಕರೆದುಕೊಂಡು ವ್ಯಾನಿನ ಕಡೆ ನಡೆದರು. ಅವರ ಹೆಂಡತಿ ಹೋಗುವಾಗ ಅಭ್ಯಾಸಬಲದಿಂದ, "ಫೋನ್ ಮಾಡ್ತೀವಿ," ಎಂದರು.

ವ್ಯಾನು ಮರೆಯಾಯಿತು. ಮಾರಕ್ಕ ಹೊಸ ಸುದ್ದಿ ಹೊತ್ತು ಓಡಿದಳು. ಚಿಕ್ಕಲಕ್ಷ್ಮಮ್ಮ ಒಳಗಿನಿಂದ, "ಇಷ್ಟು ಖಾರ ಅರೆದಿವ್ನಲ್ಲ, ಯಾರ ತಲೆಗೆ ಹಾಕ್ಲಿ?" ಎಂದು ಕೂಗಿದಳು.

ಚಲುವಯ್ಯ ಅಂಗಳದಲ್ಲಿ ಒದ್ದೆ ಪಂಚೆಯಲ್ಲಿ ನಡುಗುತ್ತ ನಿಂತಿದ್ದ. ಕೈಯಲ್ಲಿ ಮುರಿದ ಕೋಲು ಇನ್ನೂ ಇತ್ತು. ತುದಿ ಕೆರೆಯ ಪಾಲಾಗಿತ್ತು. ಏನು ಮಾಡಲೂ ತೋಚದೆ ಅವನು ಉಳಿದ ಅರ್ಧವನ್ನು ನೆಲಕ್ಕೆ ಊರಿ ಮೈಭಾರವನ್ನೆಲ್ಲ ಬಿಟ್ಟು ಒತ್ತಿದ. ಅದು ಒಂದಿಷ್ಟೂ ಬಗ್ಗಲಿಲ್ಲ.